ವಿಕಲಚೇತನ ವಿದ್ಯಾರ್ಥಿಗಳಿಗೆ ಪಾಠ: ಕೊಡಗಿನ ಉಪನ್ಯಾಸಕರು ಮೊದಲ ವಾರದಿಂದಲೇ ಮಾಡಬಹುದಾದ್ದು

ಸ್ಟಾಫ್ ರೂಮಿನಲ್ಲಿ ಈ ವಿಷಯ ಬಂದರೆ ಮಾತು ಎರಡೇ ಕಡೆ ಹೋಗಿ ನಿಲ್ಲುತ್ತದೆ. "ರ‍್ಯಾಂಪ್ ಇಲ್ಲ, ಲಿಫ್ಟ್ ಇಲ್ಲ, ನಾವೇನ್ರೀ ಮಾಡೋಕಾಗುತ್ತೆ?" ಅನ್ನುವುದು ಒಂದು. "ಪಾಪ, ಇಂಟರ್ನಲ್ಸ್ ಫುಲ್ ಹಾಕಿಬಿಡೋಣ" ಅನ್ನುವುದು ಇನ್ನೊಂದು. ಎರಡರಿಂದಲೂ ವಿದ್ಯಾರ್ಥಿಗೆ ಕವಡೆ ಕಾಸಿನ ಪ್ರಯೋಜನ ಇಲ್ಲ. ಕಟ್ಟಡ ನಮ್ಮ ಕೈಯಲ್ಲಿಲ್ಲ ನಿಜ. ಆದರೆ ಬೋರ್ಡಿನ ಮೇಲೆ ಎಷ್ಟು ದೊಡ್ಡದಾಗಿ ಬರೆಯುತ್ತೇವೆ, ನೋಟ್ಸ್ ಯಾವ ಫಾಂಟಿನಲ್ಲಿ ಕಳಿಸುತ್ತೇವೆ, ಟೆಸ್ಟಿಗೆ ಎಷ್ಟು ಹೊತ್ತು ಕೊಡುತ್ತೇವೆ, ಕ್ಲಾಸು ಯಾವ ರೂಮಿನಲ್ಲಿ ನಡೆಯುತ್ತದೆ, ಇಷ್ಟೂ ನಮ್ಮ ಕೈಯಲ್ಲೇ ಇದೆ. ಇದಕ್ಕೆ ಬಜೆಟ್ ಬೇಡ, ಸರ್ಕ್ಯುಲರ್ ಬರುವವರೆಗೆ ಕಾಯಬೇಕಾಗಿಯೂ ಇಲ್ಲ.

ಶುರು ಮಾಡುವ ಮೊದಲು ಕಾನೂನಿನ ವಿಷಯ ಸ್ವಲ್ಪ. 1995ರ ಹಳೆ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯ ಮಾತ್ರ ಇತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಇವೆ, ಅದು 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ಆಟಿಸಂ, ಹಿಮೋಫಿಲಿಯಾ, ಥಲಸ್ಸೇಮಿಯಾ, ಸಿಕಲ್ ಸೆಲ್ ಎಲ್ಲ ಪಟ್ಟಿಯಲ್ಲಿವೆ. ಅಂದರೆ "ನಮ್ಮ ಕ್ಲಾಸಲ್ಲಿ ಅಂಥವರು ಯಾರೂ ಇಲ್ಲ" ಅನ್ನುವುದು ಬಹಳ ಸಲ ತಪ್ಪು ಲೆಕ್ಕ, ಯಾಕೆಂದರೆ ಅರ್ಧಕ್ಕರ್ಧ ನೋಡಿದರೆ ಗೊತ್ತಾಗುವಂಥವಲ್ಲ. ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಕನಿಷ್ಠ ಶೇ. 5 ಸೀಟು ಇವರಿಗೆ ಮೀಸಲು. ಪಾಠ ಮತ್ತು ಪರೀಕ್ಷೆಯ ಕ್ರಮವನ್ನು ಅವರಿಗೆ ತಕ್ಕಂತೆ ಬದಲಾಯಿಸುವುದು, ಹೆಚ್ಚುವರಿ ಸಮಯ ಕೊಡುವುದು, ಸ್ಕ್ರೈಬ್ (ಹೇಳಿದ್ದನ್ನು ಬರೆದುಕೊಡುವವರು) ಒದಗಿಸುವುದು ಇವೆಲ್ಲ ಕಾಯ್ದೆಯಲ್ಲೇ ಬರೆದಿರುವ ಮಾತು. ನಾವು ದೊಡ್ಡ ಮನಸ್ಸು ಮಾಡಿ ಕೊಡುವ ಉಪಕಾರ ಏನಲ್ಲ.

1. ಮೊದಲ ವಾರ: ಕೇಳಿ, ಆದರೆ ಎಲ್ಲರೆದುರು ಬೇಡ

"ಅಂಗವಿಕಲರು ಯಾರಾದ್ರೂ ಇದ್ರೆ ಕೈ ಎತ್ತಿ" ಅಂದರೆ ಒಬ್ಬರೂ ಎತ್ತುವುದಿಲ್ಲ. ಅದರ ಬದಲು ಇಡೀ ಕ್ಲಾಸಿಗೆ ಹೀಗೆ ಹೇಳಿ: "ಬೋರ್ಡ್ ಕಾಣೋದು, ಪಾಠ ಕೇಳ್ಸೋದು, ಬರೆಯೋದು, ಮೆಟ್ಲು ಹತ್ತೋದು, ತುಂಬಾ ಹೊತ್ತು ಕೂರೋದು, ಇದ್ರಲ್ಲಿ ಯಾರಿಗೆ ತೊಂದ್ರೆ ಇದ್ರೂ ಕ್ಲಾಸ್ ಮುಗಿದ್ಮೇಲೆ ಬಂದು ಹೇಳಿ, ಇಲ್ಲಾಂದ್ರೆ ಒಂದು ವಾಟ್ಸಾಪ್ ಹಾಕಿ." ಇದನ್ನು ಒಮ್ಮೆ ಹೇಳಿ ಬಿಡಬೇಡಿ. ಮೊದಲ ಟೆಸ್ಟಿನ ಹಿಂದಿನ ವಾರ ಮತ್ತೆ ಹೇಳಿ. ತೊಂದರೆ ಏನು ಅಂತ ಅವರಿಗೇ ಗೊತ್ತಾಗುವುದು ಆವಾಗ.

ಬಂದವರ ಹತ್ತಿರ "ಏನಾಯ್ತಮ್ಮಾ? ಹುಟ್ಟಿದಾಗಿಂದ್ಲೂ ಹೀಗೇನಾ? ಡಾಕ್ಟ್ರಿಗೆ ತೋರಿಸ್ಲಿಲ್ವಾ?" ಅಂತ ಶುರು ಮಾಡುವುದು ನಮ್ಮೂರಿನ ರೂಢಿ. ಪ್ರೀತಿಯಿಂದಲೇ ಕೇಳುತ್ತೇವೆ, ಒಪ್ಪುತ್ತೇನೆ. ಆದರೆ ಅದರಿಂದ ನಮ್ಮ ಪಾಠಕ್ಕೆ ಏನೂ ಸಿಗುವುದಿಲ್ಲ. ಕೇಳಬೇಕಾದ್ದು ಬೇರೆ: ಪಿಯುಸಿಯಲ್ಲಿ ಹೇಗೆ ನಿಭಾಯಿಸ್ತಿದ್ದೆ? ಆಗ ಯಾವುದು ಅನುಕೂಲ ಆಯ್ತು, ಯಾವುದು ಕಿರಿಕಿರಿ ಆಯ್ತು? ನನ್ನ ಕ್ಲಾಸಲ್ಲಿ ಏನು ಬದಲಾದ್ರೆ ಸುಲಭ? ಡಿಗ್ರಿಗೆ ಬರುವಷ್ಟರಲ್ಲಿ ಹದಿನೆಂಟು ವರ್ಷ ಆ ದೇಹದ ಜೊತೆ ಬದುಕಿರುತ್ತಾರೆ, ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ?

ಇನ್ನೊಂದು ವಿಷಯ ಕೊಡಗಿಗೆ ಜಾಸ್ತಿ ಅನ್ವಯಿಸುತ್ತದೆ. ಯಾವ ಒಕ್ಕ (ಮನೆತನ), ಯಾವ ತೋಟದ ಪಕ್ಕದ ಮನೆ, ಯಾರ ಮಗಳು ಅಂತ ಎರಡು ಮಾತಿನಲ್ಲಿ ಪತ್ತೆಯಾಗುವ ಜಿಲ್ಲೆ ಇದು. ವಿರಾಜಪೇಟೆಯಲ್ಲಿ ಆಡಿದ ಮಾತು ಸಂಜೆ ಬಸ್ಸಿಗೆ ಗೋಣಿಕೊಪ್ಪ ತಲುಪಿರುತ್ತದೆ. ಮೂರ್ಛೆ ರೋಗವೋ ಖಿನ್ನತೆಯೋ ಇದ್ದರೆ ಮನೆಯವರೇ "ಕಾಲೇಜಲ್ಲಿ ಹೇಳ್ಬೇಡ, ನಾಳೆ ಮದುವೆ ಮಾತುಕತೆಗೆ ತೊಂದ್ರೆ" ಅಂತ ಹೇಳಿ ಕಳಿಸಿರುತ್ತಾರೆ. ಹಾಗಾಗಿ ವಿದ್ಯಾರ್ಥಿ ಹೇಳಿದ್ದನ್ನು ಯಾರಿಗೆ ತಿಳಿಸಬಹುದು ಅಂತ ಅವರನ್ನೇ ಕೇಳಿ, ಅಷ್ಟು ಜನಕ್ಕೆ ಮಾತ್ರ ತಿಳಿಸಿ. ಟೀ ಹೊತ್ತಿನ ಮಾತಿಗೆ ಅದು ವಸ್ತು ಆಗಬಾರದು.

2. ಒಂದು ಹಾಳೆಯಲ್ಲಿ ಬರೆದಿಡಿ

ಬಾಯಿಮಾತಿನ ಒಪ್ಪಂದ ಸೆಮಿಸ್ಟರ್ ಮಧ್ಯದಲ್ಲಿ ಮರೆತುಹೋಗುತ್ತದೆ. ಒಂದೇ ಹಾಳೆ ಸಾಕು. ರೋಗದ ಹೆಸರು ಬೇಕಾಗಿಲ್ಲ, ಏನು ಮಾಡಬೇಕು ಅನ್ನುವುದು ಇದ್ದರಾಯಿತು. ಉದಾಹರಣೆಗೆ: "ಮುಂದಿನ ಬೆಂಚು, ಕಿಟಕಿಯ ವಿರುದ್ಧ ದಿಕ್ಕು. ನೋಟ್ಸ್ ಹಿಂದಿನ ದಿನವೇ ವಾಟ್ಸಾಪಿಗೆ, ಯೂನಿಕೋಡ್‌ನಲ್ಲಿ (ಫೋನು, ಕಂಪ್ಯೂಟರು ಓದಬಲ್ಲ ಕನ್ನಡ ಅಕ್ಷರದಲ್ಲಿ). ಪ್ರಶ್ನೆಪತ್ರಿಕೆ ದೊಡ್ಡ ಅಕ್ಷರದಲ್ಲಿ. ಟೆಸ್ಟಿಗೆ ಗಂಟೆಗೆ 20 ನಿಮಿಷ ಹೆಚ್ಚು. ತಲೆನೋವು ಬಂದರೆ ಹೇಳದೆ ಎದ್ದು ಹೋಗಬಹುದು." ಕೆಳಗೆ ದಿನಾಂಕ, ಇಬ್ಬರ ಸಹಿ. ವಿದ್ಯಾರ್ಥಿ ಒಪ್ಪಿದರೆ ಒಂದು ಪ್ರತಿ ಎಚ್ಒಡಿಗೆ, ಒಂದು ಮೆಂಟರಿಗೆ. ತಿಂಗಳಾದ ಮೇಲೆ ಮತ್ತೆ ಕೂತು ನೋಡಿ, ಕೆಲವು ಕೆಲಸಕ್ಕೆ ಬಂದಿರುವುದಿಲ್ಲ, ಅವನ್ನು ಹೊಡೆದುಹಾಕಿ.

3. ದಾಖಲೆ: ಓಡಾಟ ಶುರುಮಾಡಿಸಿ, ಆದರೆ ಅದಕ್ಕಾಗಿ ಕಾಯಬೇಡಿ

ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಇಲ್ಲದ ವಿದ್ಯಾರ್ಥಿಗಳು ಎಷ್ಟೋ ಜನ ಇದ್ದಾರೆ. ಅರ್ಜಿ ಸ್ವಾವಲಂಬನ ಪೋರ್ಟಲ್‌ನಲ್ಲಿ ಆನ್‌ಲೈನ್, ತಪಾಸಣೆ ಸರ್ಕಾರಿ ಆಸ್ಪತ್ರೆಯಲ್ಲಿ. ಅರ್ಜಿ ಹಾಕಲು ಗೊತ್ತಾಗದಿದ್ದರೆ ಗ್ರಾಮ ಪಂಚಾಯತಿಯ ವಿ.ಆರ್.ಡಬ್ಲ್ಯು. ಅವರನ್ನು ಹಿಡಿಯಲು ಹೇಳಿ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ತಾಲ್ಲೂಕು ಮಟ್ಟದಲ್ಲಿ ಎಂ.ಆರ್.ಡಬ್ಲ್ಯು., ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ನಮ್ಮ ಉಪನ್ಯಾಸಕರಲ್ಲೇ ಬಹಳ ಜನಕ್ಕೆ ಇಂಥವರು ಇದ್ದಾರೆ ಅಂತಲೇ ಗೊತ್ತಿಲ್ಲ. ಕಿವಿ, ಮಾತು, ಕಲಿಕಾ ನ್ಯೂನತೆಯ ಪರೀಕ್ಷೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮಗೆ ಹತ್ತಿರ, ಒಂದು ದಿನ ರಜೆ ಕೊಟ್ಟರೆ ಹೋಗಿ ಬರಬಹುದು.

ಮೀಸಲಾತಿಗೆ ಕನಿಷ್ಠ ಶೇ. 40 ಅಂಗವೈಕಲ್ಯ ಇರಬೇಕು. ಆದರೆ ಪರೀಕ್ಷೆಯ ಸೌಲಭ್ಯಕ್ಕೂ ಶೇ. 40 ಬೇಕೇ ಬೇಕು ಅಂತ ಹೇಳಿ ವಾಪಸ್ ಕಳಿಸುವುದು ತಪ್ಪು. 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಮತ್ತು ಯುಪಿಎಸ್‌ಸಿ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ವಿಕಾಸ್ ಕುಮಾರ್ ಅವರಿಗಿದ್ದದ್ದು ಬರೆಯುವಾಗ ಕೈ ಹಿಡಿದುಕೊಳ್ಳುವ ತೊಂದರೆ. ಆ ತೀರ್ಪಿನ ನಂತರ 2022ರ ಆಗಸ್ಟ್‌ನಲ್ಲಿ ಶೇ. 40ಕ್ಕಿಂತ ಕಡಿಮೆ ಇದ್ದು ಬರೆಯಲು ಕಷ್ಟ ಇರುವವರಿಗೂ ಕೇಂದ್ರದ ಮಾರ್ಗಸೂಚಿ ಬಂತು. ಬರೆಯಲು ತೊಂದರೆ ಇದೆ ಅಂತ ವೈದ್ಯಕೀಯ ಪ್ರಮಾಣಪತ್ರ ಬೇಕು, ಅಷ್ಟೇ.

ಇನ್ನು ಮುಂದಿನ ಬೆಂಚಿನಲ್ಲಿ ಕೂರಿಸಲು, ನೋಟ್ಸ್ ಮೊದಲೇ ಕೊಡಲು ಯಾವ ಸರ್ಟಿಫಿಕೇಟೂ ಬೇಡ, ಅಲ್ವಾ?

4. ಪಾಠ: ಕಣ್ಣಿನ ತೊಂದರೆ ಇದ್ದಾಗ

ಇಲ್ಲಿ ನುಡಿ ಫಾಂಟಿನ ಕಥೆ ಹೇಳಲೇಬೇಕು. ನುಡಿ, ಬರಹದ ಹಳೆ ಫಾಂಟ್‌ಗಳಲ್ಲಿ ಟೈಪ್ ಮಾಡಿದ ನೋಟ್ಸ್ ನಮ್ಮ ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ. ಫೋನಿನ ಟಾಕ್‌ಬ್ಯಾಕ್‌ಗೆ, ಕಂಪ್ಯೂಟರಿನ ಎನ್‌ವಿಡಿಎಗೆ (ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳಿವು) ಅದು ಇಂಗ್ಲಿಷ್ ಅಕ್ಷರಗಳ ರಾಶಿ, ಓದಿದರೆ ಬರುವುದು ಗಲಿಬಿಲಿ. ಪರೀಕ್ಷೆ ಮಾಡುವುದು ಸುಲಭ: ಆ ಫೈಲಿನ ಒಂದು ಸಾಲು ಕಾಪಿ ಮಾಡಿ ವಾಟ್ಸಾಪಿನಲ್ಲಿ ಪೇಸ್ಟ್ ಮಾಡಿ. ಕನ್ನಡವೇ ಬಂದರೆ ಸರಿ. ಎಬಿಸಿಡಿಗೆ ಕೊಂಬು ಬಾಲ ಅಂಟಿಸಿದ ಹಾಗೆ ಬಂದರೆ ಯೂನಿಕೋಡಿಗೆ ಬದಲಾಯಿಸಬೇಕು, ಅದಕ್ಕೆ ಪುಕ್ಕಟೆ ಪರಿವರ್ತಕಗಳು ನೆಟ್ಟಿನಲ್ಲೇ ಇವೆ. ಎನ್‌ವಿಡಿಎ ಕೂಡ ಪುಕ್ಕಟೆ, ಕನ್ನಡ ಓದುತ್ತದೆ. ಧ್ವನಿ ಸ್ವಲ್ಪ ಯಂತ್ರದ್ದು ಅನಿಸಿದರೂ ಅಭ್ಯಾಸ ಆದವರು ನಮ್ಮ ಎರಡರಷ್ಟು ವೇಗದಲ್ಲಿ ಕೇಳುತ್ತಾರೆ.

ಪುಸ್ತಕದ ಪುಟಗಳ ಫೋಟೋ ತೆಗೆದು ಪಿಡಿಎಫ್ ಮಾಡಿ ಗ್ರೂಪಿಗೆ ಹಾಕುತ್ತೇವಲ್ಲ, ಅದೂ ಓದಿಸಿಕೊಳ್ಳುವುದಿಲ್ಲ, ಅದು ಬರೀ ಚಿತ್ರ. ಗೂಗಲ್ ಡ್ರೈವಿಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರ ಬೇರ್ಪಡಿಸಿ ಕೊಡುತ್ತದೆ. ಒತ್ತಕ್ಷರಗಳಲ್ಲಿ ತಪ್ಪು ಬರುತ್ತವೆ, ಒಮ್ಮೆ ಕಣ್ಣಾಡಿಸಿ. ಸುಗಮ್ಯ ಪುಸ್ತಕಾಲಯ ಅಂತ 2016ರಲ್ಲಿ ಶುರುವಾದ ಆನ್‌ಲೈನ್ ಲೈಬ್ರರಿಯೂ ಇದೆ, ವಿದ್ಯಾರ್ಥಿಯನ್ನು ಅಲ್ಲಿ ಸದಸ್ಯರಾಗಿಸಿ.

ಬೋರ್ಡಿನ ಮೇಲೆ ಬರೆಯುತ್ತಾ "ಇದರಿಂದ ಇದು ಬರುತ್ತೆ, ಅಲ್ಲಿಂದ ಇಲ್ಲಿಗೆ" ಅನ್ನುವ ಚಾಳಿ ಬಿಡಿ. ಬರೆಯುವ ಪ್ರತಿಯೊಂದನ್ನೂ ಬಾಯಲ್ಲಿ ಹೇಳಿ. ಅರ್ಥಶಾಸ್ತ್ರದ ಬೇಡಿಕೆ ರೇಖೆಯನ್ನೇ ತೆಗೆದುಕೊಳ್ಳಿ: "ನಿಂತ ಗೆರೆ ಬೆಲೆ, ಮಲಗಿದ ಗೆರೆ ಪ್ರಮಾಣ, ರೇಖೆ ಎಡಗಡೆ ಮೇಲಿನಿಂದ ಬಲಗಡೆ ಕೆಳಕ್ಕೆ ಇಳಿಯುತ್ತದೆ." ಹೀಗೆ ಹೇಳಿದರೆ ಕಣ್ಣು ಕಾಣುವವರಿಗೂ ಚೆನ್ನಾಗಿ ತಲೆಗೆ ಹೋಗುತ್ತದೆ. ಕಣ್ಣು ಪೂರ್ತಿ ಕಾಣದವರಿಗೆ ಕೈಯಲ್ಲಿ ಮುಟ್ಟಿ ನೋಡುವ ಚಿತ್ರ ಮಾಡಿಕೊಡಿ. ಹಳೆ ಲಗ್ನಪತ್ರಿಕೆಯ ದಪ್ಪ ರಟ್ಟು, ಫೆವಿಕಾಲ್, ಉಲ್ಲನ್ ದಾರ ಸಾಕು. ಎರಡು ಅಕ್ಷಗಳಿಗೆ ದಪ್ಪ ದಾರ, ಬೇಡಿಕೆ, ಪೂರೈಕೆ ರೇಖೆಗಳಿಗೆ ತೆಳು ದಾರ, ಅವೆರಡೂ ಕೂಡುವ ಸಮತೋಲನ ಬಿಂದುವಿನಲ್ಲಿ ಒಂದು ಕಾಳುಮೆಣಸು ಅಂಟಿಸಿ. ಒಂದೇ ರಟ್ಟಿನಲ್ಲಿ ಮೂರ್ನಾಲ್ಕು ಗೆರೆ ತುಂಬಬೇಡಿ, ಬೆರಳಿಗೆ ಗೋಜಲಾಗುತ್ತದೆ. ಇಂಥ ಕೆಲಸಕ್ಕೆ ಜುಲೈನಲ್ಲಿ ಕೈಹಾಕಿದರೆ ಫೆವಿಕಾಲ್ ಒಣಗುವುದೇ ಇಲ್ಲ, ಬೂಸ್ಟು ಬರುತ್ತದೆ, ಒಲೆಯ ಹತ್ತಿರ ಇಡಬೇಕಾಗುತ್ತದೆ. ಏಪ್ರಿಲ್ ಮೇ ಬಿಸಿಲಲ್ಲೇ ಸೆಮಿಸ್ಟರಿಗೆ ಆಗುವಷ್ಟು ಮಾಡಿಟ್ಟುಕೊಳ್ಳಿ.

ಕಿವಿಯ ತೊಂದರೆ ಇದ್ದಾಗ

ಹಿಯರಿಂಗ್ ಏಡ್ ಹಾಕಿದ್ದಾರೆ, ಇನ್ನು ಎಲ್ಲ ಕೇಳಿಸುತ್ತದೆ ಅಂದುಕೊಳ್ಳಬೇಡಿ. ಅದು ಪಾಠವನ್ನೂ ಜೋರು ಮಾಡುತ್ತದೆ, ಬೆಂಚು ಎಳೆಯುವ ಸದ್ದನ್ನೂ ಜೋರು ಮಾಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಶೀಟಿನ ಮಾಡಿನ ಮೇಲೆ ಮಳೆ ಸುರಿಯುವಾಗ ನಮಗೇ ಏನೂ ಕೇಳಿಸುವುದಿಲ್ಲ, ಆ ಮಿಷನ್ ಹಾಕಿದವರ ತಲೆಯೊಳಗೆ ಏನಾಗುತ್ತಿರಬಹುದು ಯೋಚಿಸಿ. ಹಾಗಾಗಿ ಮಳೆಗಾಲದಲ್ಲಿ ಆ ಕ್ಲಾಸನ್ನು ಆರ್‌ಸಿಸಿ ಇರುವ ರೂಮಿಗೆ ಬದಲಾಯಿಸಲು ಟೈಮ್‌ಟೇಬಲ್ ನೋಡಿಕೊಳ್ಳುವವರನ್ನು ಕೇಳಿ. ಆಗದಿದ್ದರೆ ಮಳೆ ಜೋರಾದಾಗ ಭಾಷಣ ನಿಲ್ಲಿಸಿ, ಬೋರ್ಡಿನಲ್ಲಿ ಬರೆಯುವ ಅಥವಾ ಓದಿಸುವ ಕೆಲಸ ಮಾಡಿಸಿ. ತೇವಕ್ಕೆ ಆ ಮಿಷನ್ ಬೇಗ ಕೆಡುತ್ತದೆ ಕೂಡ. ರಾತ್ರಿ ಅದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಲು ಹೇಳಿ.

ತುಟಿ ನೋಡಿ ಅರ್ಥ ಮಾಡಿಕೊಳ್ಳುವವರಿಗೆ ನಮ್ಮ ಮುಖದ ಮೇಲೆ ಬೆಳಕು ಬೀಳಬೇಕು. ಕಿಟಕಿಗೆ ಬೆನ್ನು ಹಾಕಿ ನಿಂತರೆ ಮುಖ ಕಪ್ಪಾಗಿ ಕಾಣುತ್ತದೆ. ಮಡಿಕೇರಿಯ ಮಂಜಿನಲ್ಲಿ ಕರೆಂಟೂ ಹೋದರೆ ಕೇಳುವುದೇ ಬೇಡ, ಆಗ ಕಿಟಕಿಯ ಪಕ್ಕ ಬಂದು ಕ್ಲಾಸಿನ ಕಡೆಗೂ ಬೆಳಕಿನ ಕಡೆಗೂ ಮುಖ ಮಾಡಿ ನಿಲ್ಲಿ. ಬೋರ್ಡಿನ ಕಡೆ ತಿರುಗಿ ಮಾತಾಡಬೇಡಿ. ಹಿಂದಿನ ಬೆಂಚಿನವರು ಪ್ರಶ್ನೆ ಕೇಳಿದರೆ ಅದನ್ನು ನೀವು ಇನ್ನೊಮ್ಮೆ ಹೇಳಿ, ಆಮೇಲೆ ಉತ್ತರ ಕೊಡಿ.

ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ ಅಥವಾ ಯರವ ಮಾತಾಡುವ ಹುಡುಗರಿಗೆ ಕನ್ನಡದ ತುಟಿ ಚಲನೆಯೇ ಎರಡನೇ ಭಾಷೆ. ಅದರ ಮೇಲೆ "ಅಂತರರಾಷ್ಟ್ರೀಯ ಪಾವತಿ ಶಿಲ್ಕು" ಅಂತ ಶುರು ಮಾಡಿದರೆ? ಹಾಗಾಗಿ ಅಂದಿನ ಪಾಠದ ಹೊಸ ಪದಗಳನ್ನು ಬೋರ್ಡಿನ ಮೂಲೆಯಲ್ಲಿ ಮೊದಲೇ ಬರೆದುಬಿಡಿ. ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ ಆ್ಯಪ್ ನಾವು ಮಾತಾಡಿದ್ದನ್ನು ಕನ್ನಡದಲ್ಲಿ ಫೋನಿನ ಪರದೆಯ ಮೇಲೆ ಬರೆದು ತೋರಿಸುತ್ತದೆ. ನೆಟ್‌ವರ್ಕ್ ಇದ್ದರೆ ಚೆನ್ನ. ಕರೆಂಟು ಹೋಗಿ ಟವರೂ ಮಲಗುವ ನಮ್ಮ ಕಡೆ ಅದನ್ನೇ ನಂಬಿ ಕೂರಬೇಡಿ.

5. ಮೆಟ್ಟಿಲು, ಪಾಚಿ, ಕೊಡೆ

ನಡೆಯಲು ತೊಂದರೆ ಇರುವ ವಿದ್ಯಾರ್ಥಿ ಇದ್ದರೆ ಇಡೀ ಸೆಕ್ಷನ್ನಿನ ಕ್ಲಾಸು ನೆಲ ಅಂತಸ್ತಿಗೆ, ಅಂದರೆ ಹೊರಗಿನ ನೆಲಕ್ಕೆ ಸಮವಾಗಿರುವ ರೂಮಿಗೆ ಬರಲಿ. ಇಡೀ ಲೇಖನದಲ್ಲಿ ಇಷ್ಟು ಸುಲಭದ ಕೆಲಸ ಇನ್ನೊಂದಿಲ್ಲ, ಆದರೂ ಇದನ್ನೇ ಯಾರೂ ಮಾಡುವುದಿಲ್ಲ. "ಹುಡುಗ್ರು ಎತ್ಕೊಂಡು ಹೋಗ್ತಾರೆ ಬಿಡಿ ಸರ್" ಅನ್ನುತ್ತಾರೆ. ಇಪ್ಪತ್ತು ವರ್ಷದವರನ್ನು ದಿನಾ ಎತ್ತಿಕೊಂಡು ಹೋಗುವುದು ಸೌಲಭ್ಯ ಅಲ್ಲ.

ರ‍್ಯಾಂಪ್ ಮಾಡಿಸುವ ಮಾತು ಬಂದರೆ ಅಳತೆ 1ಕ್ಕೆ 12 ಅಂತ ನೆನಪಿಡಿ. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಎರಡು ಮೆಟ್ಟಿಲಿನ ಮೇಲೆ ಹಲಗೆ ಇಟ್ಟು ರ‍್ಯಾಂಪ್ ಅಂದರೆ ಅದು ಜಾರುಬಂಡೆ. ಇರುವ ರ‍್ಯಾಂಪಿನ ಮೇಲೂ ಮಳೆಗಾಲದಲ್ಲಿ ಪಾಚಿ ಕಟ್ಟುತ್ತದೆ, ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸುವ ಕೆಲಸ ಯಾರದ್ದು ಅಂತ ಜೂನ್‌ಗೆ ಮೊದಲೇ ನಿಗದಿ ಆಗಲಿ. ಕಾಲೊರೆಸಲು ಬಾಗಿಲಲ್ಲಿ ಹಾಸುವ ಒದ್ದೆ ಗೋಣಿಚೀಲಕ್ಕೆ ಊರುಗೋಲು ಸಿಕ್ಕಿಕೊಳ್ಳುತ್ತದೆ, ಅದನ್ನು ಒಂದು ಪಕ್ಕಕ್ಕೆ ಹಾಕಿಸಿ.

ಎರಡೂ ಕೈಯಲ್ಲಿ ಊರುಗೋಲು ಹಿಡಿದವರು ಕೊಡೆ ಹೇಗೆ ಹಿಡಿಯುತ್ತಾರೆ? ಹಿಡಿಯಲಾಗುವುದಿಲ್ಲ. ರೈನ್‌ಕೋಟ್ ಹಾಕಿ ಬರುತ್ತಾರೆ, ಬಸ್‌ಸ್ಟ್ಯಾಂಡಿನಿಂದ ಏರು ಹತ್ತಿ, ಬಂದು, ಒಂದು ಕಡೆ ಆನಿಸಿ ನಿಂತು, ಅದನ್ನು ಬಿಚ್ಚಿ, ಕೈ ಒರೆಸಿಕೊಂಡು ಒಳಗೆ ಬರುವಷ್ಟರಲ್ಲಿ ಹತ್ತು ನಿಮಿಷ ಆಗಿರುತ್ತದೆ. ಆ ಹತ್ತು ನಿಮಿಷಕ್ಕೆ ಆಬ್ಸೆಂಟ್ ಹಾಕಬೇಡಿ. ಕುಟ್ಟ, ಭಾಗಮಂಡಲ, ಶನಿವಾರಸಂತೆ ಕಡೆಯ ಬಸ್ಸಿನವರಿಗೆ ಮೊದಲ ಪೀರಿಯಡ್‌ನಲ್ಲಿ ಟೆಸ್ಟ್ ಇಡಬೇಡಿ.

ಕಾಣದ ತೊಂದರೆಗಳು

ಸಿಕಲ್ ಸೆಲ್ ಬುಡಕಟ್ಟು ಸಮುದಾಯಗಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕಾಯಿಲೆ. ಚಳಿ, ನೀರು ಕಡಿಮೆ ಕುಡಿಯುವುದು, ಸುಸ್ತು ಇವು ನೋವನ್ನು ಕೆರಳಿಸುತ್ತವೆ. ಕೊಡಗಿನ ಮಳೆಗಾಲದಲ್ಲಿ ಒದ್ದೆ ಬಟ್ಟೆಯಲ್ಲಿ ಕೂತರೆ ಏನಾಗಬಹುದು ನೋಡಿ. ಬುಡಕಟ್ಟಿನವರ ಹಾಡಿಯಿಂದ ನಡೆದು ಬರುವ ಹುಡುಗ ಯೂನಿಫಾರಂ ಮೇಲೆ ಸ್ವೆಟರ್ ಹಾಕಿದರೆ ಸುಮ್ಮನಿರಿ, ಕ್ಲಾಸಿನಲ್ಲಿ ನೀರು ಕುಡಿಯಲಿ, ಮೂತ್ರಕ್ಕೆ ಪದೇಪದೇ ಎದ್ದು ಹೋಗಲಿ. ನೋವು ಬಂದ ದಿನ ತಪ್ಪಿದ ಟೆಸ್ಟನ್ನು ಇನ್ನೊಂದು ದಿನ ಕೊಡಿ. ಥಲಸ್ಸೇಮಿಯಾ ಇರುವವರು ಕೆಲವು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳಲು ಆಸ್ಪತ್ರೆಗೆ ಹೋಗಲೇಬೇಕು. ಆ ದಿನಾಂಕ ಮೊದಲೇ ಗೊತ್ತಿರುತ್ತದೆ, ಕೇಳಿ ಬರೆದಿಟ್ಟುಕೊಳ್ಳಿ. ಹಾಜರಾತಿ ಕೊರತೆ ಬರುವಂತಿದ್ದರೆ ಆಸ್ಪತ್ರೆಯ ಚೀಟಿಗಳ ಜೊತೆ ಪ್ರಿನ್ಸಿಪಾಲರಿಗೆ ಸೆಮಿಸ್ಟರ್ ಮಧ್ಯದಲ್ಲೇ ಅರ್ಜಿ ಕೊಡಿಸಿ, ಹಾಲ್ ಟಿಕೆಟ್ ಬರುವ ಹೊತ್ತಿಗೆ ಓಡಾಡಿದರೆ ಆಗುವುದಿಲ್ಲ.

ಕೆಲವರು ಬಾಯಲ್ಲಿ ಕೇಳಿದರೆ ಪಟಪಟ ಹೇಳುತ್ತಾರೆ, ಬರೆದರೆ ಅಕ್ಷರ ಉಲ್ಟಾಪಲ್ಟಾ, ಒತ್ತು ದೀರ್ಘ ಮಾಯ, ಅರ್ಧ ಪುಟಕ್ಕೆ ಅರ್ಧ ಗಂಟೆ. ಸೋಮಾರಿ ಅನ್ನುವ ಮೊದಲು ಕಲಿಕಾ ನ್ಯೂನತೆ ಇರಬಹುದಾ ಅಂತ ಯೋಚಿಸಿ. ಇಂಟರ್ನಲ್ಸ್‌ನಲ್ಲಿ ಅಸೈನ್‌ಮೆಂಟ್ ಬದಲು ವೈವಾ ಕೊಡಿ ಅಥವಾ ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿ ಕಳಿಸಲು ಹೇಳಿ. ಎಲ್ಲರೆದುರು ಎದ್ದು ನಿಂತು ಓದು ಅನ್ನಬೇಡಿ. ಮನಸ್ಸಿನ ತೊಂದರೆ ಇದೆ ಅಂತ ಯಾರಾದರೂ ಹೇಳಿಕೊಂಡರೆ ಉಪದೇಶ ಬೇಡ, ಡೆಡ್‌ಲೈನ್ ಸ್ವಲ್ಪ ಸಡಿಲ ಮಾಡಿ, ಟೆಲಿ ಮಾನಸ್ ಸಹಾಯವಾಣಿ 14416 ಬರೆದುಕೊಡಿ. ದಿನದ ಯಾವ ಹೊತ್ತಿಗೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

6. ಪರೀಕ್ಷೆ

2018ರ ಕೇಂದ್ರ ಮಾರ್ಗಸೂಚಿಯ ಪ್ರಕಾರ ಹೆಚ್ಚುವರಿ ಸಮಯ ಗಂಟೆಗೆ ಕನಿಷ್ಠ 20 ನಿಮಿಷ. ಎರಡು ಗಂಟೆಗೆ 40 ನಿಮಿಷ, ಮೂರು ಗಂಟೆಗೆ ಒಂದು ಗಂಟೆ. ಯೂನಿವರ್ಸಿಟಿ ಪರೀಕ್ಷೆಗೆ ಮಾತ್ರ ಅಂತ ಬಿಡಬೇಡಿ, ಇಂಟರ್ನಲ್ ಟೆಸ್ಟಿಗೂ ಕೊಡಿ.

ಸ್ಕ್ರೈಬ್ ಬೇಕಾದರೆ ವಿದ್ಯಾರ್ಥಿ ತಾನೇ ಕರೆದುಕೊಂಡು ಬರಲು 2018ರ ಆ ಮಾರ್ಗಸೂಚಿಯಲ್ಲಿ ಅವಕಾಶ ಇತ್ತು, ಆಗ ಸ್ಕ್ರೈಬ್ ಓದು ಒಂದು ಹಂತ ಕೆಳಗಿರಬೇಕಿತ್ತು. ಡಿಗ್ರಿಯವರಿಗೆ ಪಿಯುಸಿ ಓದುವವರು ಅಂತ ಇಟ್ಟುಕೊಳ್ಳಿ. ಕಷ್ಟ ಏನೆಂದರೆ ಪರೀಕ್ಷೆಯ ಬೆಳಿಗ್ಗೆ ಸ್ಕ್ರೈಬ್ ಕೈಕೊಡುತ್ತಾರೆ: ಮರ ಬಿದ್ದು ರಸ್ತೆ ಬಂದ್, ಇಲ್ಲ ಮನೆಯಲ್ಲಿ ಕಾಫಿ ಕುಯ್ಲು. ಅದಕ್ಕೆ ಪಕ್ಕದ ಪಿಯು ಕಾಲೇಜಿನ ಪ್ರಿನ್ಸಿಪಾಲರ ಮೂಲಕ ಪರೀಕ್ಷಾ ಕೇಂದ್ರಕ್ಕೆ ನಡೆದು ಬರಬಹುದಾದ ಇಬ್ಬರ ಹೆಸರು ಇಟ್ಟುಕೊಳ್ಳಿ. ಪರೀಕ್ಷೆಗೆ ಎರಡು ದಿನ ಮೊದಲು ಸ್ಕ್ರೈಬ್‌ನನ್ನು ಭೇಟಿ ಮಾಡುವ ಅವಕಾಶವೂ ಆ ಮಾರ್ಗಸೂಚಿಯಲ್ಲಿತ್ತು. ಆದರೆ ನಿಜವಾಗಿ ಬೇಕಾದ್ದು ಅಭ್ಯಾಸ. ಹೇಳಿ ಬರೆಸುವುದು ಸುಲಭ ಅಲ್ಲ, ಎಲ್ಲಿ ಪ್ಯಾರಾ ಬದಲಾಯಿಸಬೇಕು, ಯಾವ ಹೆಸರಿನ ಕಾಗುಣಿತ ಬಿಡಿಸಿ ಹೇಳಬೇಕು ಅನ್ನುವುದೆಲ್ಲ ಟೆಸ್ಟ್‌ಗಳಲ್ಲೇ ರೂಢಿಯಾಗಬೇಕು. ಬೇರೆ ರೂಮ್ ಕೊಡಿ, ಗಟ್ಟಿಯಾಗಿ ಹೇಳಬೇಕಲ್ಲ. ಮೇಲ್ವಿಚಾರಕರಿಗೆ ಮೊದಲೇ ತಿಳಿಸಿಡಿ, ಇಲ್ಲಾಂದ್ರೆ ಅವರು ಮೂರು ಗಂಟೆಗೆ ಸರಿಯಾಗಿ ಪೇಪರ್ ಕಿತ್ತುಕೊಳ್ಳುತ್ತಾರೆ.

ಯೂನಿವರ್ಸಿಟಿ ಪರೀಕ್ಷೆಗೆ ಪ್ರಿನ್ಸಿಪಾಲರ ಮೂಲಕ ಮೌಲ್ಯಮಾಪನ ಕುಲಸಚಿವರಿಗೆ ಪತ್ರ ಹೋಗಬೇಕು. ಪರೀಕ್ಷೆ ಶುಲ್ಕ ಕಟ್ಟುವಾಗಲೇ ಇದನ್ನೂ ಕಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಪತ್ರದಲ್ಲಿ ಸ್ಕ್ರೈಬ್, ಹೆಚ್ಚುವರಿ ಸಮಯ, ನೆಲ ಅಂತಸ್ತಿನ ರೂಮ್, ಚಿತ್ರ ಬಿಡಿಸುವ ಪ್ರಶ್ನೆಗೆ ಬದಲಿ, ಎಲ್ಲ ಬಿಡಿಬಿಡಿಯಾಗಿ ಬರೆಯಿರಿ.

ಮೌಲ್ಯಮಾಪನದಲ್ಲಿ ಕನಿಕರದ ಅಂಕ ಬೇಡ. ಪ್ರಶ್ನೆ ಅದೇ, ಮಟ್ಟ ಅದೇ, ಉತ್ತರ ಕೊಡುವ ದಾರಿ ಮಾತ್ರ ಬೇರೆ. ಕಣ್ಣು ಕಾಣದವರು ಬೇಡಿಕೆ ರೇಖೆಯನ್ನು ಬಿಡಿಸುವುದಿಲ್ಲ, ಆದರೆ ಬೆಲೆ ಏರಿದರೆ ರೇಖೆಯ ಮೇಲೆ ಯಾವ ಕಡೆ ಸರಿಯುತ್ತೇವೆ ಅಂತ ವಿವರಿಸಬೇಕು, ವಿವರಿಸದಿದ್ದರೆ ಅಂಕ ಕಳೆಯಿರಿ.

7. ಸಹಪಾಠಿಗಳು ಮತ್ತು ಮುಂದಿನ ಸೆಮಿಸ್ಟರ್

ಓದಿ ಹೇಳಲು, ನೋಟ್ಸ್ ಹಂಚಿಕೊಳ್ಳಲು ಎನ್ಎಸ್ಎಸ್ ಹುಡುಗರು ಖುಷಿಯಿಂದ ಬರುತ್ತಾರೆ. ಒಬ್ಬರ ತಲೆಗೇ ಕಟ್ಟಬೇಡಿ, ವಾರಕ್ಕೊಬ್ಬರು ಅಂತ ಸರದಿ ಮಾಡಿ. ಒಬ್ಬಳೇ ಗೆಳತಿ ಎಲ್ಲ ಮಾಡುತ್ತಿದ್ದರೆ ಅವಳು ರಜೆ ಹಾಕಿದ ದಿನ ಇವಳಿಗೂ ರಜೆ.

ನಮ್ಮ ಡಿಗ್ರಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಅತಿಥಿ ಉಪನ್ಯಾಸಕರದ್ದು, ಅವರು ವರ್ಷ ವರ್ಷ ಬದಲಾಗುತ್ತಾರೆ. ಹೊಸಬರು ಬಂದಾಗಲೆಲ್ಲ ವಿದ್ಯಾರ್ಥಿ ತನ್ನ ಕಥೆಯನ್ನು ಮೊದಲಿನಿಂದ ಹೇಳಬೇಕಾಗುತ್ತದೆ. ಆದ್ದರಿಂದ ಸೆಮಿಸ್ಟರ್ ಕೊನೆಯಲ್ಲಿ ಆ ಒಂದು ಹಾಳೆಯನ್ನು ವಿದ್ಯಾರ್ಥಿಯ ಜೊತೆ ಕೂತು ತಿದ್ದಿ, ಕೆಲಸಕ್ಕೆ ಬಂದದ್ದನ್ನು ಉಳಿಸಿ, ವಿಭಾಗದ ಫೈಲಿಗೆ ಹಾಕಿ. ಯೂನಿಕೋಡ್ ಮಾಡಿದ ನೋಟ್ಸ್, ದಾರ ಅಂಟಿಸಿದ ರಟ್ಟುಗಳು, ಸ್ಕ್ರೈಬ್‌ಗಳ ಹೆಸರು ಇರುವ ಪಟ್ಟಿ, ಇವೂ ವಿಭಾಗದ ಬೀರುವಿನಲ್ಲಿ ಇರಲಿ, ನಿಮ್ಮ ಮನೆಯಲ್ಲಿ ಬೇಡ. ಹಾಳೆಯ ಒಂದು ಫೋಟೋ ವಿದ್ಯಾರ್ಥಿಯ ಫೋನಿನಲ್ಲೂ ಇರಲಿ, ಹೊಸ ಉಪನ್ಯಾಸಕರು ಬಂದ ದಿನವೇ ತೋರಿಸಿದರಾಯಿತು.